ಕೆಂಪುಪೆನ್ನಪ್ಪನವರ ಮಾತ್ರೆ ಚೀಟಿ

ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಂಪುಪೆನ್ನಪ್ಪನವರ ಬಾಯಲ್ಲಿ ಸದಾ ಒಂದೇ ಮಾತು: “ತಪ್ಪಿದ್ರೆ ಅಚ್ಚಾಗೋ ಮೊದಲೇ ಹೇಳ್ಬೇಕು.” ಕೊಲೆಸ್ಟರಾಲ್ ಮಾತ್ರೆ ಶುರುವಾದ ದಿನವೇ ಅವರು ಡಬ್ಬಿಯೊಳಗಿನ ಚೀಟಿ ಬಿಡಿಸಿ, ಅಡ್ಡಪರಿಣಾಮಗಳ ಸಾಲುಗಳನ್ನು ಮುಂದಿಟ್ಟುಕೊಂಡು ಕೂತರು. ಅಂದಿನಿಂದ ಸೀನು ಬಂದರೂ ಮಾತ್ರೆಯದೇ ತಪ್ಪು, ಬಿಕ್ಕಳಿಕೆ ಬಂದರೂ ಮಾತ್ರೆಯದೇ ತಪ್ಪು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ ದಿನ ‘ಮರೆವು’ ಎಂಬ ಸಾಲಿನ ಪಕ್ಕ ಗೆದ್ದವರಂತೆ ಗುರುತು ಹಾಕಿದರು. “ಮದುವೆ ಹೊಸದ್ರಲ್ಲೂ ಹೀಗೇ ಹುಡುಕ್ತಿದ್ರಿ, ಆಗ ಯಾವ ಮಾತ್ರೆ ನುಂಗ್ತಿದ್ರಿ?” ಎಂದು ಹೆಂಡತಿ ಛೇಡಿಸಿದರು. ಬಿಕ್ಕಳಿಕೆಯನ್ನೂ ಊರಿಗೆಲ್ಲ ಸಾರುವ ಈ ಮನುಷ್ಯ ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ: ಎರಡು ವಾರದಿಂದ ಮೆಟ್ಟಿಲು ಹತ್ತುವಾಗ ತೊಡೆಗಳು ಕಿತ್ತುಬರುವಂತೆ ನೋಯುತ್ತಿದ್ದವು. ಚೀಟಿ ಮಡಿಸಿಡಲು ಹೋದ ಹೆಂಡತಿಗೆ, ‘ಸ್ನಾಯುನೋವು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ’ ಎಂಬ ಸಾಲಿನ ಮೇಲೆ ಎಳೆದ ಕೆಂಪು ಗೀಟು ಕಂಡಿತು. “ಇದನ್ನ ಯಾಕ್ರೀ ಹೊಡೆದುಹಾಕಿದ್ರಿ?” “ತೊಡೆ ನೋಯ್ತಿದೆ ಅಂತ ಹೇಳಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಕಣೇ. ಅಣ್ಣ ಮಾತ್ರೆ ಬಿಟ್ಟ ವರ್ಷವೇ ಎದೆ ಹಿಡ್ಕೊಂಡು ಹೋಗಿಬಿಟ್ಟ.” ಈ ಸಲ ಹೆಂಡತಿ ಛೇಡಿಸಲಿಲ್ಲ. “ನಿಲ್ಲಿಸೋದೋ ಬದಲಾಯಿಸೋದೋ ಡಾಕ್ಟ್ರು ನೋಡ್ಕೋತಾರೆ. ಅಚ್ಚಾಗೋ ಮೊದಲೇ ಹೇಳ್ಬೇಕು ಅನ್ನೋರು ನೀವೇ ಅಲ್ವಾ?” ಎಂದು ಪೆನ್ನನ್ನು ಅವರ ಕೈಗೆ ಕೊಟ್ಟರು. ಹೊಡೆದ ಸಾಲಿನ ಕೆಳಗೆ ಕೆಂಪುಪೆನ್ನಪ್ಪನವರು ಒಂದೊಂದೇ ಚುಕ್ಕಿ ಇಟ್ಟರು; ಹೊಡೆದ ಮಾತನ್ನು ಹಾಗೆಯೇ ಉಳಿಸಿ ಎನ್ನಲು ಕರಡು ತಿದ್ದುವವರು ಹಾಕುವ ಗುರುತು ಅದು. ಆಮೇಲೆ ಚೀಟಿಯನ್ನು ಜೇಬಿಗಿಟ್ಟು, ಹೆಂಡತಿಯ ಎದುರಿನಲ್ಲೇ ತೊಡೆಗೆ ಕೈಯೂರಿ, ಡಾಕ್ಟರ ಹತ್ತಿರ ಹೊರಡಲು ಎದ್ದರು.