ನೆಟ್ಟಗೆ ಮಾತ್ರ ಹೋಗುವ ಜೀಪು

ನಮ್ಮ ಮನೆಯಲ್ಲಿ ಯಾವ ಡಬ್ಬದಲ್ಲೂ ಅದರ ಮೇಲೆ ಬರೆದಿರುವ ವಸ್ತು ಇರುವುದಿಲ್ಲ. ಬಿಸ್ಕತ್ತಿನ ಡಬ್ಬ ತೆಗೆದರೆ ಸೂಜಿ ದಾರ. ಟೀ ಪುಡಿ ಡಬ್ಬದಲ್ಲಿ ಮೆಂತ್ಯ. ಒಮ್ಮೆ ನಾನು ಹಾರ್ಲಿಕ್ಸ್ ಅಂದುಕೊಂಡು ಒಂದು ಚಮಚ ಸೀಗೇಪುಡಿ ಬಾಯಿಗೆ ಹಾಕಿಕೊಂಡು, ಮೂರು ದಿನ ನೊರೆ ನೊರೆಯಾಗಿ ಮಾತಾಡಿದ್ದೆ. ಇದೆಲ್ಲ ಅಜ್ಜಿಯ ಆಡಳಿತ. ಮುಚ್ಚಳ ಭದ್ರವಾಗಿರುವ ಡಬ್ಬವನ್ನು ಎಸೆಯುವುದೆಂದರೆ ಅವಳಿಗೆ ಹಸುವನ್ನು ಕಟುಕನಿಗೆ ಕೊಟ್ಟಂತೆ. ತೋಟದ ಸ್ಟೋರಿಗೂ ಅದೇ ಕಾನೂನು ನಡೆಯುತ್ತಿತ್ತು.

ನಾನಾಗ ಮೊದಲ ಪಿಯುಸಿ, ಅದೂ ಸೈನ್ಸು. ಮೊಬೈಲ್ ಇನ್ನೂ ನಮ್ಮ ಘಟ್ಟ ಹತ್ತಿರಲಿಲ್ಲ. ಆ ಮಳೆಗಾಲ ಮುಗಿಯುತ್ತಿದ್ದಂತೆ ದೊಡ್ಡಜ್ಜಿಯಿಂದ, ಅಂದರೆ ನಮ್ಮಜ್ಜಿಯ ಅಕ್ಕನಿಂದ, ಸುದ್ದಿ ಬಂತು. ಎರಡೂ ಕಣ್ಣಿಗೆ ಪೊರೆ ಕವಿಯುತ್ತಿದೆ, ಆಪರೇಷನ್ನಿಗೆ ಅವಳು ಒಪ್ಪುತ್ತಿಲ್ಲ, ಪೂರ್ತಿ ಮಂಜಾಗುವ ಮೊದಲು ತಂಗಿಯ ಮುಖ ನೋಡಬೇಕಂತೆ. ದೊಡ್ಡಜ್ಜಿಯ ಮನೆ ಇರುವುದು ನಮ್ಮ ಹಳ್ಳದಾಚೆಯ ಗುಡ್ಡದ ನೆತ್ತಿಯಲ್ಲಿ. ಕೂಗಿದರೆ ಅವರ ಮನೆಯ ನಾಯಿ ಬೊಗಳುತ್ತದೆ, ಅಷ್ಟು ಹತ್ತಿರ. ಆದರೆ ಹಳ್ಳ ದಾಟಿದ ಮೇಲೆ ಇರುವುದು ಕೆಂಪು ಕೆಸರಿನ ಏರು. ಆ ಏರು ಎಷ್ಟು ಕಡಿದೆಂದರೆ ಕಾಗೆ ಕೂಡ ಮಧ್ಯದಲ್ಲಿ ಕೂತು ದಣಿವಾರಿಸಿಕೊಂಡು ಹೋಗುತ್ತದೆ. ಅಜ್ಜಿಯ ಸೊಂಟ ಹೋಗಿ ಮೂರು ವರ್ಷವಾಗಿತ್ತು. ಅಷ್ಟು ದಿನದಿಂದಲೂ ಅಕ್ಕ ತಂಗಿ ಮುಖ ನೋಡಿರಲಿಲ್ಲ.

"ಕುರ್ಚೀಲಿ ಕೂರ್ಸಿ ನಾಕ್ ಆಳು ಹೊತ್ಕಂಡ್ ಹೋಯ್ತಾರೆ ಬುಡವ್ವ" ಅಂದ ಚಿಕ್ಕಪ್ಪ.

ಅಜ್ಜಿ ಎಲೆಯಡಿಕೆ ಉಗಿದು ಬಂದು ಹೇಳಿದಳು. "ನಾಕ್ ಜನ ಹೆಗಲು ಕೊಡೋದು ಒಂದೇ ಸಲ ಕಣ್ಲಾ. ಅದಕ್ಕಿನ್ನೂ ಟೈಮೈತೆ. ನೀನೇನ್ ಅರ್ಜೆಂಟ್ ಮಾಡ್ಬ್ಯಾಡ."

ಉಳಿದದ್ದು ಚಿಕ್ಕಪ್ಪನ ಜೀಪು. ಮಿಲಿಟರಿ ಹರಾಜಿನಲ್ಲಿ ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕೊನೆಗೆ ಬೇರೆ ಯಾರಿಗೂ ಬೇಡವಾಗಿ ನಮ್ಮ ಶೆಡ್ಡಿಗೆ ಬಂದ ವಿದೇಶಿ ಗಾಡಿ ಅದು. ಉಳಿದ ಜೀಪುಗಳಿಗೆ ಇಲ್ಲದ ಒಂದು ಅಂಗ ಅದಕ್ಕಿತ್ತು. ಕೆಸರಿನಲ್ಲಿ ಯಾವುದೇ ಜೀಪಿನ ಹಿಂದಿನ ಒಂದು ಚಕ್ರ ಗಿರಗಿರ ಸುತ್ತುತ್ತಿದ್ದರೆ, ಇನ್ನೊಂದು ಹಬ್ಬಕ್ಕೆ ಬಂದ ಅಳಿಯನ ಹಾಗೆ ಸುಮ್ಮನೆ ನಿಂತು ನೋಡುತ್ತದೆ. ಈ ಗಾಡಿಯಲ್ಲಿ ಸೀಟಿನ ಪಕ್ಕದ ಲಿವರ್ ಎಳೆದರೆ ಸಣ್ಣ ಪೈಪಿನಲ್ಲಿ ಬ್ರೇಕ್ ಆಯಿಲ್ ಓಡಿಹೋಗಿ, ಹಿಂದಿನ ಆಕ್ಸಲ್ಲಿನಲ್ಲಿ ಒಂದು ಪಿಸ್ಟನ್ನನ್ನು ತಳ್ಳಿ, ಎರಡೂ ಚಕ್ರಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಆಗ ಅಳಿಯನೂ ದುಡಿಯಲೇಬೇಕು. ಡಿಫರೆನ್ಷಿಯಲ್ ಲಾಕ್ ಅಂದರೆ ಇಷ್ಟೇ. ತೊಂದರೆ ಏನೆಂದರೆ ನಮ್ಮ ಗಾಡಿಯ ಲಾಕ್ ಸತ್ತು ಯಾವ ಕಾಲವಾಗಿತ್ತೋ.

ರಿಪೇರಿಗೆ ಬೆಳಗೋಡಿನಿಂದ ಮೇಸ್ತ್ರಿ ಬಂದ. ಪಲ್ಪರ್, ಸ್ಪ್ರೇಯರ್, ಹಲ್ಲರ್, ಕಾಫಿ ತೋಟದ ಯಾವ ಮೆಷಿನ್ ಕೆಟ್ಟರೂ ನಮ್ಮ ಕಡೆ ಅವನೇ. ಗಾಡಿಯ ಕೆಳಗೆ ಮಲಗಿ ಬಹಳ ಹೊತ್ತು ನೋಡಿದ. ನಿದ್ದೆ ಹೋದನೇನೋ ಅಂತ ಚಿಕ್ಕಪ್ಪ ಅವನ ಕಾಲು ಹಿಡಿದು ಅಲ್ಲಾಡಿಸಿದ.

"ಗೌಡ್ರೆ, ಇದು ಕೆಟ್ಟಿರೋದು ಹೌದಾ ಅಂತ ಮೊದ್ಲು ಗೊತ್ತಾಗ್ಬೇಕಲ್ಲ" ಅಂತ ಒಳಗಿನಿಂದ ದನಿ ಬಂತು.

ಲಾಕ್ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಬೇಕು. ಆದರೆ ಅದರ ವೈರಿಂಗ್ ಹಿಂದೊಮ್ಮೆ ಚಿಕ್ಕಪ್ಪನೇ ಮಾಡಿದ್ದರಿಂದ ಆ ದೀಪ ಹಾರನ್ ಒತ್ತಿದಾಗ ಹತ್ತುತ್ತಿತ್ತು. ಹೀಗಾಗಿ ಕೈಯಿಂದಲೇ ಪರೀಕ್ಷೆ. ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಕೊಟ್ಟರು. ಎಡ ಚಕ್ರದ ಮುಂದೆ ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತ, ಬಲ ಚಕ್ರದ ಮುಂದೆ ಮೇಸ್ತ್ರಿ. ನಾನು ಡ್ರೈವರ್ ಸೀಟಿನಲ್ಲಿ, ಲಿವರಿನ ಅಧಿಪತಿ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದೂ ಅದೇ ಕಡೆ ತಿರುಗಿದರೆ ಲಾಕ್ ಬಿದ್ದಿದೆ, ಉಲ್ಟಾ ತಿರುಗಿದರೆ ಬಿದ್ದಿಲ್ಲ. ನಾನು ಲಿವರ್ ಎಳೆದೆ, ಚಿಕ್ಕಪ್ಪ ತನ್ನ ಚಕ್ರ ತಿರುಗಿಸಿದ.

"ನಂದು ಬಲಕ್ಕೆ ತಿರುಗ್ತು!" ಅಂದ ಚಿಕ್ಕಪ್ಪ.

"ನಂದೂ ಬಲಕ್ಕೇ ಗೌಡ್ರೆ!"

"ಬಿತ್ತು! ಲಾಕ್ ಬಿತ್ತು!"

ಇಬ್ಬರೂ ಎದ್ದು ಕೈ ಕುಲುಕಿದರು. ಜಗುಲಿಯಲ್ಲಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಚೀಲ ಹಿಡಿದು ಎದ್ದೇಬಿಟ್ಟಳು. ನಾನು ಸೈನ್ಸ್ ವಿದ್ಯಾರ್ಥಿಯ ಗಾಂಭೀರ್ಯದಿಂದ ಕೆಳಗಿಳಿದು ಹೇಳಿದೆ. "ಚಿಕ್ಕಪ್ಪ, ನೀವಿಬ್ರೂ ಎದುರುಬದುರು ಕೂತಿದ್ರಿ. ನಿನ್ನ ಬಲ ಅಂದ್ರೆ ಗಾಡಿ ಹಿಂದುಗಡೆ, ಮೇಸ್ತ್ರಿ ಬಲ ಅಂದ್ರೆ ಗಾಡಿ ಮುಂದುಗಡೆ. ಇಬ್ರಿಗೂ ಬಲ ಆದ್ರೆ ಚಕ್ರ ಉಲ್ಟಾ ತಿರುಗ್ತು ಅಂತ. ಲಾಕ್ ಬಿದ್ದಿಲ್ಲ."

"ಬಲ ಬಲಾನೇ ಕಣೋ. ಅದೆಂಗ್ಲಾ ಉಲ್ಟಾ ಆಯ್ತದೆ?"

ನಾನು ನೆಲದ ಮೇಲೆ ಚಿತ್ರ ಬರೆದೆ. ಮೇಸ್ತ್ರಿ ಅದನ್ನು ಆ ಕಡೆಯಿಂದ ನೋಡಿದ, ಚಿಕ್ಕಪ್ಪ ಈ ಕಡೆಯಿಂದ. ಹೇಳುತ್ತಾ ಹೇಳುತ್ತಾ ನನಗೂ ಎಡ ಯಾವುದು ಬಲ ಯಾವುದು ಮರೆತು, ಊಟ ಮಾಡುವ ಕೈ ನೆನಪಿಸಿಕೊಳ್ಳಬೇಕಾಯಿತು. ಕೊನೆಗೆ ಮೇಸ್ತ್ರಿ ಸೀಮೆಸುಣ್ಣದಿಂದ ಎರಡೂ ಟೈರಿಗೆ ಗೀಟು ಎಳೆದು ತಿರುಗಿಸಿದ. ಒಂದು ಗೀಟು ಮುಂದಕ್ಕೆ ಹೋಯಿತು, ಇನ್ನೊಂದು ಹಿಂದಕ್ಕೆ. ಅಜ್ಜಿ ಮತ್ತೆ ಕೂತಳು. ಚೀಲ ಮಾತ್ರ ತೊಡೆಯ ಮೇಲೇ ಇತ್ತು.

ಆಕ್ಸಲ್ಲಿನ ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ನಿನ ರಬ್ಬರ್ ವಾಷರ್ ಹಳೇ ಹುಣಸೆಹಣ್ಣಿನ ಹಾಗೆ ಕೈಗಂಟಿತು. ಆಯಿಲ್ ಎಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಸದ್ಯ, ಮೇಸ್ತ್ರಿಯ ಚೀಲದಲ್ಲಿದ್ದ, ನಮ್ಮ ದೇಶದ ಜೀಪಿನ ಬ್ರೇಕ್ ರಿಪೇರಿ ಕಿಟ್ಟಿನ ರಬ್ಬರು ಅಳತೆ ಮಾಡಿಸಿದ ಹಾಗೆ ಕೂತಿತು. ಇನ್ನು ಆಯಿಲ್ ತುಂಬಬೇಕು. ಚಿಕ್ಕಪ್ಪ ಸ್ಟೋರಿಗೆ ಹೋಗಿ ಬ್ರೇಕ್ ಆಯಿಲ್ ಡಬ್ಬ ತಂದ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಗೇ ಬರೆದಿತ್ತು. ನಮ್ಮ ಮನೆಯ ಡಬ್ಬಗಳ ಜೊತೆ ಇಷ್ಟು ವರ್ಷ ಬಾಳಿದ ಮೂವರು ಆ ಡಬ್ಬ ನೋಡಿದೆವು. ಅಜ್ಜಿ, ಚಿಕ್ಕಪ್ಪ, ನಾನು. ಒಬ್ಬರಾದರೂ ಮೂಸಿ ನೋಡಲಿಲ್ಲ.

ಸಂಜೆ ಪರೀಕ್ಷೆ ಮಾಡಿದಾಗ ಎರಡೂ ಗೀಟು ಜೋಡೆತ್ತಿನ ಹಾಗೆ ಒಟ್ಟಿಗೆ ಮುಂದಕ್ಕೆ ಹೋದವು. ಲಿವರ್ ಬಿಟ್ಟರೆ ಬೇರೆಬೇರೆ. ಮೇಸ್ತ್ರಿ ಬೀಡಿ ಹಚ್ಚಿದ. ಚಿಕ್ಕಪ್ಪ ಹಾರನ್ ಹೊಡೆದ, ಕೆಂಪು ದೀಪವೂ ಹತ್ತಿತು.

ಬೆಳಿಗ್ಗೆ ಹೊರಟೆವು. ಮುಂದೆ ಅಜ್ಜಿ, ಹಿಂದೆ ನಾನು, ಮೇಸ್ತ್ರಿ ಮತ್ತು ಅಕ್ಕನಿಗೆಂದು ಮಾಡಿದ ಕಡುಬಿನ ಪಾತ್ರೆ. ಹಳ್ಳ ದಾಟಿದ ಮೇಲೆ ಚಿಕ್ಕಪ್ಪ ಲಿವರ್ ಎಳೆದ. ಬರಲಿಲ್ಲ. ಎರಡು ಕೈ ಹಾಕಿ ಎಳೆದ. ಹಿಂದಿನಿಂದ ಮೇಸ್ತ್ರಿಯೂ ಬಗ್ಗಿ ಎಳೆದ. ಕಟ್ ಅಂತ ಶಬ್ದವಾಯಿತು. ಬಿದ್ದದ್ದು ಲಾಕೋ, ಮುರಿದದ್ದು ಲಿವರೋ ಯಾರಿಗೂ ಗೊತ್ತಾಗಲಿಲ್ಲ.

"ನಿನ್ನೆ ಬೆಣ್ಣೆ ಇದ್ದಂಗಿತ್ತಲ್ಲೋ ಮಾರಾಯ?"

"ಹೊಸ ರಬ್ಬರು ಗೌಡ್ರೆ, ಸ್ವಲ್ಪ ಬಿಗಿ ಇರ್ತದೆ. ಹೊಡೀರಿ ನೀವು."

ಜೀಪು ಏರಿತು. ಹಾಗೆ ಏರಿದ್ದನ್ನು ನಾನು ಆಮೇಲೆ ಯಾವ ಗಾಡಿಯಲ್ಲೂ ನೋಡಿಲ್ಲ. ಕೆಸರು ರಾಚಿ ನನ್ನ ಮುಖದಲ್ಲಿ ಕಣ್ಣು ಎರಡೇ ಉಳಿದವು. ಅಜ್ಜಿ ಮುಂದಿನ ಕಂಬಿ ಹಿಡಿದುಕೊಂಡು "ಹೊಡೀಲಾ! ನಿಲ್ಸಬ್ಯಾಡ್ಲಾ!" ಅಂತ ಕೂಗುತ್ತಿದ್ದಳು. ನೆತ್ತಿಯಲ್ಲಿ ದೊಡ್ಡಜ್ಜಿಯ ಮನೆಯ ಕಾಫಿ ಒಣಗಿಸುವ ಸಿಮೆಂಟು ಕಣ ಬಂತು. ಚಿಕ್ಕಪ್ಪ ಲಿವರ್ ಬಿಟ್ಟು, ಮನೆ ಬಾಗಿಲಿನ ಕಡೆ ಸ್ಟೇರಿಂಗ್ ತಿರುಗಿಸಿದ. ಮುಂದಿನ ಚಕ್ರಗಳು ತಿರುಗಿದವು, ಗಾಡಿ ತಿರುಗಲಿಲ್ಲ. ಹಿಂದಿನ ಎರಡೂ ಚಕ್ರ ಗಂಟು ಬಿಚ್ಚದೆ ನೆಟ್ಟಗೆ ನೂಕುತ್ತಲೇ ಇದ್ದವು. ಒದ್ದೆ ಸಿಮೆಂಟಿನ ಮೇಲೆ ಟೈರು ಕೀರಲು ದನಿಯಲ್ಲಿ ಅಳುತ್ತಾ, ನಾವು ಮೆರವಣಿಗೆ ಹೊರಟವರ ಹಾಗೆ ಬಾಗಿಲನ್ನು ದಾಟಿ, ನಮ್ಮನ್ನು ಕಾಯುತ್ತಿದ್ದ ದೊಡ್ಡಜ್ಜಿಯನ್ನೂ ದಾಟಿ, ಕಣದ ಕಟ್ಟೆಗೆ ಡಿಕ್ಕಿ ಹೊಡೆದು ನಿಂತೆವು.

"ಯಾರ್ಲಾ ಅದು, ಮಾತಾಡಿಸ್ದೆ ಹೋಗೋರು?" ಅಂದಳು ದೊಡ್ಡಜ್ಜಿ.

"ನಾನು ಕಣಕ್ಕಯ್ಯ!"

ಅಜ್ಜಿಯನ್ನು ಇಳಿಸಿದೆವು. ದೊಡ್ಡಜ್ಜಿ ತಂಗಿಯ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ, ಕೋಳಿ ನೋಡುವ ಹಾಗೆ ಕತ್ತು ಓರೆ ಮಾಡಿ, ಬಹಳ ಹೊತ್ತು ನೋಡಿದಳು.

"ಇಷ್ಟ್ ಮುದುಕಿ ಆಗ್ಬುಟ್ಯಾ ನೀನು?"

"ನಿನ್ ಕಣ್ಣು ಮಂಜು ಕಣಕ್ಕಯ್ಯ, ಅದ್ಕೇ ಹಂಗ್ ಕಾಣ್ತೀನಿ."

ಇಬ್ಬರೂ ನಕ್ಕರು. ಆಮೇಲೆ ಅತ್ತರು. ಅಷ್ಟರಲ್ಲಿ ನಗು ಯಾವುದು ಅಳು ಯಾವುದೆಂದು ನನಗೆ ತಿಳಿಯದಾಗಿ, ನಾನು ಗಾಡಿಯ ಕೆಳಗೆ ತೂರಿದೆ.

ಮೇಸ್ತ್ರಿ ಸಿಲಿಂಡರ್ ಬಿಚ್ಚಿದ್ದ. ನಿನ್ನೆ ಹಾಕಿದ ರಬ್ಬರು ಮಳೆಗೆ ನೆಂದ ಅವರೆಕಾಳಿನ ಹಾಗೆ ಉಬ್ಬಿ, ಪಿಸ್ಟನ್ನನ್ನು ಅಲ್ಲೇ ಕಚ್ಚಿಕೊಂಡಿತ್ತು. ಅವನು ಆಯಿಲ್ಲನ್ನು ಬೆರಳಿಗೆ ಹಚ್ಚಿ ಮೂಸಿದ. "ಗೌಡ್ರೆ, ಇದು ಬ್ರೇಕ್ ಆಯಿಲ್ ಅಲ್ಲ. ಸ್ಪ್ರೇಯರ್ ಇಂಜಿನ್ನಿಗೆ ಹಾಕೋದು. ಇದು ತಾಗಿದ್ರೆ ಬ್ರೇಕ್ ರಬ್ಬರ್ ಉಬ್ಬಿ ಹೋಯ್ತದೆ."

ಚಿಕ್ಕಪ್ಪ ನಿಧಾನವಾಗಿ ಜಗುಲಿಯ ಕಡೆ ತಿರುಗಿದ. "ಅವ್ವಾ, ಆ ಡಬ್ಬಕ್ಕೆ ಏನ್ ಹುಯ್ದಿದ್ದೆ?"

"ಸ್ಪ್ರೇಯರ್ ಎಣ್ಣೆ ಕ್ಯಾನಿಗೆ ಮುಚ್ಚಳ ಇರ್ಲಿಲ್ಲ. ಇದಕ್ಕೆ ಭದ್ರ ಇತ್ತು" ಅಂದಳು ಅಜ್ಜಿ, ಬಾಯ್ತುಂಬ ಕಡುಬು ಇಟ್ಟುಕೊಂಡು. "ಯಾಕೆ, ಸೋರಿತಾ?"

ಸೋರಿರಲಿಲ್ಲ. ಅದೇ ಕಷ್ಟ. ಇನ್ನೊಂದು ರಬ್ಬರಿಗೆ ಸಕಲೇಶಪುರಕ್ಕೇ ಹೋಗಬೇಕಿತ್ತು. ಮೇಸ್ತ್ರಿ ನಡೆದೇ ಹೊರಟ.

"ನೋಡಪ್ಪ, ಕೆಸರೈತೆ. ಓಡಬ್ಯಾಡ. ನಿಧಾನಕ್ಕೆ ಬಾ" ಅಂತ ಅಜ್ಜಿ ಕೂಗಿ ಹೇಳಿದಳು.

ಅಜ್ಜಿ ಉಡಲು ಏನೂ ತಂದಿರಲಿಕ್ಕಿಲ್ಲ ಅಂತ ದೊಡ್ಡಜ್ಜಿ ಪೆಟ್ಟಿಗೆ ತೆಗೆಯಲು ಎದ್ದಳು. ಅಜ್ಜಿ ಅವಳನ್ನು ಕೂರಿಸಿ, ಎರಡು ದಿನದಿಂದ ತೊಡೆಯಿಂದ ಇಳಿಸದ ಆ ಚೀಲವನ್ನು ಬಿಚ್ಚಿದಳು. ಒಂದು ಸೀರೆ ಬಂತು. ಇನ್ನೊಂದು ಬಂತು. ನಾಲ್ಕನೆಯದರ ಅಡಿಯಿಂದ ಸೊಂಟದ ಎಣ್ಣೆ, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ.

"ಮಧ್ಯಾಹ್ನ ಊಟಕ್ಕೆ ವಾಪಸ್ ಬರೋದು ಅಂತ ತಾನೇ ಅವ್ವಾ ನೀನ್ ಹೇಳಿದ್ದು?" ಚಿಕ್ಕಪ್ಪನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಾಕ್ ಸೀರೆ ಯಾಕೆ?"

"ನಿನ್ ರಿಪೇರಿ ನಂಬ್ಕಂಡು ಒಂದೇ ಸೀರೇಲಿ ಬರಕ್ಕಾಯ್ತದೇನ್ಲಾ?"

ಮೇಸ್ತ್ರಿ ಮೂರನೆಯ ದಿನ ಬಂದ. ಹೊಸ ರಬ್ಬರು ಹಾಕಿ, ಹೊಸ ಆಯಿಲ್ ತುಂಬಿದ. ಈ ಸಲ ಡಬ್ಬವನ್ನು ನಾವೆಲ್ಲರೂ ಸರದಿಯ ಮೇಲೆ ಮೂಸಿದೆವು. ಗಾಡಿ ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು, ಯಾರ ಎಡ ಬಲ ಅಂತ ನಾನು ಕೇಳಲು ಹೋಗಲಿಲ್ಲ. ಚಿಕ್ಕಪ್ಪ ಹಾರನ್ ಹೊಡೆದ. ಜಗುಲಿಯಲ್ಲಿ ಇಬ್ಬರೂ ಮುದುಕಿಯರು ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಬ್ಬಳ ಕಣ್ಣು ಮಂಜಾಗಿತ್ತು, ಇನ್ನೊಬ್ಬಳ ಸೊಂಟ ಹೋಗಿತ್ತು, ಕಿವಿ ಮಾತ್ರ ಇಬ್ಬರದೂ ಚೆನ್ನಾಗಿಯೇ ಇತ್ತು. ಆದರೂ ಹಾರನ್ ಇಬ್ಬರಿಗೂ ಕೇಳಿಸಲಿಲ್ಲ.