ಸಪ್ಪಳವಿಲ್ಲದ ಡಬ್ಬಿ

ಚಿಗವ್ವನಿಗೆ ಎಚ್‌ಐವಿ ಇದ್ದದ್ದು ಬನಹಟ್ಟಿಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೊಬ್ಬನಿಗೆ ಹೇಳಿ, ಯಾರ ಮುಂದೂ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದಳು. ಗಂಡ ತೀರಿದ ಮೇಲೆ ಮೈದುನ-ನೆಗೆಣ್ಣಿಯರ ಮನೆಯಲ್ಲೇ ಇದ್ದು, ಹಿತ್ತಲಿನ ಮಗ್ಗದ ಶೆಡ್ಡಿನಲ್ಲಿ ಲಾಳಿಯೊಳಗಿಡುವ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಔಷಧಿಗೆ ಜಮಖಂಡಿಯ ಸರಕಾರಿ ಆಸ್ಪತ್ರೆಗೆ ನಾನೇ ಜೊತೆ.

"ನೀ ಟಿಕೀಟ ತಗೋಲೇ ವಕೀಲಾ. ನನಗ ಬಸ್ಸೂ ಪುಕ್ಕಟ, ಗುಳಗಿನೂ ಪುಕ್ಕಟ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದೆನೆಂದು ನಾನು ಅವಳಿಗೆ ವಕೀಲ. ಪುಕ್ಕಟೆ ಎಂಬ ಮಾತನ್ನು ಮಾತ್ರ ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಗುಳಿಗೆ ಪುಕ್ಕಟೆ, ಸರಿ. ಅದನ್ನು ನುಂಗಲು ಒಂದು ಮೂಲೆ ಬೇಕಲ್ಲ, ಅದನ್ನು ಯಾವ ಯೋಜನೆ ಕೊಡುತ್ತದೆ?

ಅವಳ ಮೂಲೆ ಶೆಡ್ಡಿನಲ್ಲಿತ್ತು. ಡಬ್ಬಿಯ ಚೀಟಿ ಕಿತ್ತೆಸೆದು, ಕಂಡಿಕಿ ಬುಟ್ಟಿಯ ತಳದಲ್ಲಿ ಇಡುತ್ತಿದ್ದಳು. ಸಂಜೆಯ ಪಾಳಿಗೆ ಒಬ್ಬಳೇ ಸುತ್ತಲು ಕೂತಾಗ ಒಂದು ಗುಳಿಗೆ. ಮಗ್ಗಗಳ ಖಡಖಡದಲ್ಲಿ ಡಬ್ಬಿಯ ಗಿಲಗಿಲ ಯಾರಿಗೆ ಕೇಳಬೇಕು?

ಸೀರೆಗೆ ಗಿರಾಕಿ ಕಡಿಮೆಯಾಗಿ ಮೈದುನ ಸಂಜೆಯ ಪಾಳಿ ನಿಲ್ಲಿಸಿದ. ಚಿಗವ್ವ ಡಬ್ಬಿಯೊಳಗೆ ತುಂಡು ನೂಲು ತುರುಕಿದಳು. ಗಿಲಗಿಲ ನಿಂತಿತು.

"ಈಗೇನ ಅಡ್ಡಿ?" ಎಂದೆ.

"ಮಗ್ಗ ನಿಂತ ಮ್ಯಾಲ ಶೆಡ್ಡಿನ್ಯಾಗ ಏನ ಕೆಲಸ ಅಂತ ನೆಗೆಣ್ಣಿ ಕೇಳತಾಳ. ಮುಂಜಾನೆ ಬಾಜೂಕ ಕುಂತಿರತಾಳ."

"ಖರೆ ಹೇಳಿಬಿಡು. ಹೊರಗ ಹಾಕಾಕ ಕಾನೂನಿಲ್ಲ."

"ನನಗ ಬ್ಯಾರೆ ತಾಟ ಇಟ್ರ ನಿನ್ನ ಕಾನೂನ ಬಂದ ತಗಸ್ತೈತೇನ?"

ಚಿಗವ್ವ ಡಬ್ಬಿಯನ್ನು ಬುಟ್ಟಿಯ ತಳಕ್ಕೆ ಸೇರಿಸಿದಳು. "ಹೆಂಗರೆ ಮಾಡಿ ತಗೋತೇನಿ ಬಿಡು" ಎಂದಳು. ಜಮಖಂಡಿಗೆ ಹೋಗುವುದನ್ನು ಬಿಡಲಿಲ್ಲವಾದ್ದರಿಂದ ನಂಬಿದೆ. ಚಳಿಗಾಲದಲ್ಲಿ ಕೆಮ್ಮು ಹತ್ತಿತು. ಕ್ಷಯ ಎಂದರು. ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನೆಗೆಣ್ಣಿ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು. "ಗುಳಗಿ ಅಂದ್ರ ಅಕಿಗಿ ಆಗತಿದ್ದಿಲ್ಲೋ ತಮ್ಮಾ. ಕೆಮ್ಮಿಗಿ ಅಂತ ನಾ ಕೊಟ್ಟದ್ದನ್ನೂ ಉಗುಳತಿದ್ಳು. ಒಂದ ತಾಟಿನ್ಯಾಗ ಉಂಡವರು ನಾವು."

ಗೊತ್ತಿದ್ದರೆ ಉಣ್ಣುತ್ತಿದ್ದೆಯಾ? ನಾಲಿಗೆಯ ತುದಿಗೆ ಬಂದ ಪ್ರಶ್ನೆ. ಕೇಳುವಂತಿರಲಿಲ್ಲ, ಆಣೆ ಇತ್ತು. ಕಂಡಿಕಿ ಬುಟ್ಟಿಯಲ್ಲಿ ಕೈ ಹಾಕಿ ಡಬ್ಬಿಯನ್ನು ಅಂಗಿಯೊಳಗೆ ಸೇರಿಸಿಕೊಂಡೆ. ಭಾರವಿತ್ತು, ಕೊಟ್ಟ ಗುಳಿಗೆಯೆಲ್ಲ ಹಾಗೇ ತುಂಬಿತ್ತು. ನೆಗೆಣ್ಣಿಯ ಎದುರಿಗೇ ಹಾಯ್ದು ಹೊರಗೆ ನಡೆದೆ. ಒಂದಿಷ್ಟೂ ಸಪ್ಪಳವಾಗಲಿಲ್ಲ.