ಬರಲಿದ್ದ ಫೋನಿನ ದುಂಡು ತೂತು

ಎರಡು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಹೊಸಮನೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಮಾಲೀಕ, ಮೆಕ್ಯಾನಿಕ್, ಕಸ ಗುಡಿಸುವವ ಮೂರೂ ನಾನೇ; ಕೌಂಟರ್ ಮತ್ತು ನನ್ನನ್ನು ಹಂಗಿಸುವ ಅಧಿಕಾರ ಹೆಂಡತಿ ಶೋಭಾಳದು. ಐವತ್ತರ ಹತ್ತಿರ ಬಂದ ನನಗೆ ಚಿಂತೆ ಮಾಡುವುದು ಬಿಟ್ಟರೆ ಬೇರೆ ಹವ್ಯಾಸವಿಲ್ಲ. ಬಿಚ್ಚಿಟ್ಟ ಫೋನಿನ ಸ್ಕ್ರೂ ಎಣಿಸಿ, ಶಟರ್ ಎಳೆದು ಮನೆ ಮುಟ್ಟಿ, ಮತ್ತೆ ಎಣಿಸಲು ವಾಪಸು ಬಂದವನು ನಾನು.

ಈ ಚಿಂತೆಗೆ ದಿನವೂ ಮೇವು ಹಾಕುತ್ತಿದ್ದದ್ದು ‘ಲೀಕ್’ಗಳು. ಹೊಸ ಫೋನ್ ಬಿಡುಗಡೆಯಾಗುವ ತಿಂಗಳುಗಳ ಮೊದಲೇ ಅದರ ರೂಪದ ಚಿತ್ರಗಳು ಇಂಟರ್ನೆಟ್ಟಿಗೆ ಸೋರುತ್ತವೆ. ಕ್ಯಾಮೆರಾ ಈ ಮೂಲೆಯಿಂದ ಆ ಮೂಲೆಗೆ ಹೋಯಿತಂತೆ, ಅಂಚು ಚಪ್ಪಟೆಯಾಯಿತಂತೆ. ಕವರ್ ತಯಾರಿಸುವವರು ಈ ಅಂತೆಕಂತೆಯನ್ನೇ ನಂಬಿ ಅಚ್ಚು ಮಾಡಿಸುತ್ತಾರೆ. ಹಾಗಾಗಿ ನಮ್ಮ ದಂಧೆಯಲ್ಲಿ ಕೆಲವೊಮ್ಮೆ ಫೋನಿಗಿಂತ ಮೊದಲು ಅದರ ಪೌಚ್ ಅಂಗಡಿಗೆ ಬಂದು ನೇತಾಡುತ್ತದೆ.

“ನಿಮಗೆ ಕೈಯಲ್ಲಿರೋ ಫೋನ್ ಯಾವತ್ತೂ ಚಂದ ಕಾಣಲ್ಲ ಮಾರಾಯ್ರೆ, ಬರೋದೇ ಚಂದ” ಎನ್ನುತ್ತಿದ್ದಳು ಶೋಭಾ.

ಆ ಬೇಸಿಗೆಯಲ್ಲಿ ಭದ್ರಾವತಿಯಿಂದ ಸೆಲ್ವಿಯಮ್ಮ ಬಂದರು. ಅರವತ್ತೈದು ದಾಟಿದ ಹೆಂಗಸು. ಗಂಡ ಮುನಿಸ್ವಾಮಿ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಆಕೆ ಕೌಂಟರ್ ಮೇಲಿಟ್ಟದ್ದು ಹಸಿರು ಬೆನ್ನಿನ, ಮೂಲೆಗಳು ದುಂಡಾದ ಹಳೇ ಫೋನು. ಇಯರ್‌ಫೋನ್ ಸಿಕ್ಕಿಸುವ ತೂತು ಸಡಿಲವಾಗಿತ್ತು. ನಾವು ಅದಕ್ಕೆ ಆಡಿಯೋ ಜಾಕ್ ಎನ್ನುತ್ತೇವೆ. ಪಿನ್ನನ್ನು ಹೆಬ್ಬೆರಳಿನಿಂದ ಓರೆಯಾಗಿ ಅದುಮಿ ಹಿಡಿದರೆ ಮಾತ್ರ ಹಾಡು.

“ವೈರ್ ಇಲ್ಲದ್ದು ಕಿವಿಗೆ ಹಾಕ್ಕೊಳ್ಳಿ ಅಮ್ಮ, ಈಗ ಎಲ್ಲಾರೂ ಅದನ್ನೇ ತಗೊಳ್ಳೋದು” ಎಂದೆ.

“ವೈರ್ ಬೇಕು ತಂಬಿ.” ಐವತ್ತರ ನನ್ನನ್ನು ತಮ್ಮನೆಂದು ಕರೆದದ್ದಕ್ಕೇ ನಾನು ಅರ್ಧ ಸೋತೆ. “ನಮ್ಮೋರಿಗೆ ಮರೆವಿನ ಕಾಯಿಲೆ. ಕಣ್ಣು ತಪ್ಪಿಸಿ ಹೊರಟುಬಿಡ್ತಾರೆ. ಹೋದ ಸಲ ಸ್ಟೇಷನ್‌ನಲ್ಲಿ ಸಿಕ್ಕಿದ್ರು, ಡ್ಯೂಟಿಗೆ ಟೈಮಾಯ್ತು ಅಂತ ರೈಲು ಹಳಿ ದಾಟ್ತಾ ಇದ್ರಂತೆ.”

ಆಕೆಯ ಉಪಾಯ ಇದು. ಮಧ್ಯಾಹ್ನ ಇಬ್ಬರೂ ಮನೆ ಮುಂದಿನ ಬೆಂಚಿನ ಮೇಲೆ ಕೂತು ಒಂದೇ ಇಯರ್‌ಫೋನಿನಲ್ಲಿ ಹಳೇ ಹಾಡು ಕೇಳುತ್ತಾರೆ. ಒಂದು ತುದಿ ಆಕೆಯ ಕಿವಿಗೆ, ಇನ್ನೊಂದು ಗಂಡನ ಕಿವಿಗೆ. ರಾತ್ರಿಯೆಲ್ಲ ಕಾದ ಆಕೆಗೆ ಆಗಷ್ಟೇ ಒಂದು ಜೊಂಪು. ಅವರು ಎದ್ದರೆ ವೈರು ಎಳೆದು ಆಕೆಯ ಕಿವಿ ಜಗ್ಗುತ್ತದೆ, ಎಚ್ಚರವಾಗುತ್ತದೆ. ಹಾಡು ನಿಂತರೆ ಅವರು ಕಿವಿಯದನ್ನು ಕಿತ್ತಿಟ್ಟು ನಡೆದುಬಿಡುತ್ತಾರೆ.

“ಬಾಗಿಲಿಗೆ ಬೀಗ?” ಎಂದಳು ಶೋಭಾ.

“ಬಡೀತಾರೆ, ಅಳ್ತಾರೆ ಕಣಮ್ಮ.”

“ಕೈಗೊಂದು ದಾರ...”

“ಕಟ್ಟಿಹಾಕೋಕೆ ಅವರೇನು ಕರುವಾ?”

ನಾನು ಫೋನ್ ಬಿಚ್ಚಿದೆ. ಹಿಂದೆ ಯಾರೋ ಜಾಕ್ ಬದಲಿಸಲು ಹೋಗಿ ಬೋರ್ಡನ್ನೇ ಸುಟ್ಟಿದ್ದರು. ಬೆಸುಗೆ ಕಚ್ಚಿಕೊಳ್ಳಲು ತಾಮ್ರವೇ ಉಳಿದಿರಲಿಲ್ಲ. ತಂತಿಯ ಎಳೆಯೊಂದನ್ನು ಹೇಗೋ ಕೂರಿಸಿ, “ಸ್ವಲ್ಪ ದಿನ ಬರುತ್ತೆ” ಎಂದು ಕೊಟ್ಟೆ. ಜಾಕ್ ಇರುವ ಬೇರೆ ಫೋನನ್ನೂ ಪ್ರಯೋಗಕ್ಕೆ ಕಳಿಸಿದೆ. ಮುನಿಸ್ವಾಮಿ ಅದನ್ನು ತಿರುಗಿಸಿ ನೋಡಿ, “ಇದು ಯಾರದೋ” ಎಂದು ಪಕ್ಕದ ಮನೆಯ ಜಗಲಿಯ ಮೇಲಿಟ್ಟು ಬಂದರಂತೆ. ಹಸಿರು ಬೆನ್ನು, ದುಂಡು ಮೂಲೆ. ಅಷ್ಟಿದ್ದರೆ ಮಾತ್ರ ಅದು ಅವರದು.

ಅದೇ ವಾರ ಲೀಕ್ ಬಂತು. ಅದೇ ಕಂಪನಿಯ ಮುಂದಿನ ಫೋನು. ಹಳೇ ದುಂಡು ಮೂಲೆಗೆ ವಾಪಸು, ಹಸಿರು ಬಣ್ಣವೂ ವಾಪಸು. ಕೆಳ ಅಂಚಿನಲ್ಲೊಂದು ದುಂಡನೆಯ ತೂತು! ಜಾಕ್ ಮರಳಿ ಬರುತ್ತಿದೆ ಎಂದು ಊಹಾಪೋಹದ ಪಂಡಿತರೆಲ್ಲ ಬರೆದರು. ನನಗಂತೂ ಆ ಚಿತ್ರವನ್ನು ಸೆಲ್ವಿಯಮ್ಮನಿಗಾಗಿಯೇ ಬರೆದಂತೆ ಕಂಡಿತು. ಸಗಟು ವ್ಯಾಪಾರಿ ಕಳಿಸಿದ ಸ್ಯಾಂಪಲ್ ಪೌಚಿನಲ್ಲೂ ಆ ತೂತು ಇತ್ತು. ಇನ್ನೇನು ಸಾಕ್ಷಿ ಬೇಕು?

ಮುಂದಿನ ಸಲ ಬಂದಾಗ ಆಕೆಗೆ ಪೌಚ್ ತೋರಿಸಿದೆ. ಕಿರುಬೆರಳ ತುದಿಯನ್ನು ಆ ತೂತಿಗೆ ಇಟ್ಟು ನೋಡಿದರು.

“ಇಲ್ಲೇ ವೈರ್ ಹೋಗುತ್ತಾ?”

“ಹೂಂ. ದೀಪಾವಳಿ ಹೊತ್ತಿಗೆ ಬರಬಹುದು. ಕಾಯಿರಿ.”

“ಇದನ್ನ ಒಯ್ಯಲಾ? ಈಗಿಂದಲೇ ಕೈಗೆ ರೂಢಿ ಆಗಲಿ.”

ಒಯ್ದರು. ಹಳೇ ಫೋನಿಗೆ ಆ ಪೌಚ್ ದೊಡ್ಡದು. ಸಂದಿಗೆ ಸೀರೆಯಂಚಿನ ತುಂಡು ತುರುಕಿ ಗಂಡನ ಕೈಗೆ ಕೊಟ್ಟರಂತೆ, ಅವರು ಬೇಡವೆನ್ನಲಿಲ್ಲವಂತೆ. ಮಳೆಗಾಲವಿಡೀ ಆಕೆ ಬರುತ್ತಿದ್ದರು. ಎಳೆ ಬಿಟ್ಟುಕೊಳ್ಳುತ್ತಿತ್ತು, ನಾನು ಕೂರಿಸುತ್ತಿದ್ದೆ. ಒಮ್ಮೆ ಒಂದೇ ಕಿವಿಗೆ ಹಾಡು ಬರುತ್ತಿತ್ತು. “ಅದು ಅವರಿಗೆ ಇರಲಿ ಬಿಡು, ನಾನು ಸುಮ್ನೆ ವೈರ್ ಹಾಕ್ಕೊಂಡಿರ್ತೀನಿ” ಎಂದರು. ಹೊರಡುವಾಗ ಪ್ರತಿಸಲವೂ ಅದೇ ಪ್ರಶ್ನೆ: “ಬರುತ್ತಲ್ಲ ತಂಬಿ?” ಮಗಳ ಹೆರಿಗೆಗೆ ಕಾಯುವವರ ಹಾಗೆ ನಾವು ಮೂವರೂ ಆ ಫೋನಿಗೆ ಕಾದೆವು. ನಾನು ದಿನಾ ಬೆಳಗ್ಗೆ ಕಾಫಿಗೂ ಮೊದಲು ಹೊಸ ಲೀಕ್ ಹುಡುಕುತ್ತಿದ್ದೆ. ತೂತು ಇದೆ ಎಂದ ದಿನ ದೋಸೆ ರುಚಿಸುತ್ತಿತ್ತು, ಇಲ್ಲವೇನೋ ಎಂದ ದಿನ ಚಟ್ನಿಗೆ ಉಪ್ಪು ಜಾಸ್ತಿ.

ಬಿಡುಗಡೆಯ ದಿನ ಸೆಲ್ವಿಯಮ್ಮ ಮೊದಲ ಬಸ್ಸಿಗೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಗಂಡನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿದ್ದರು. ಕಂಪನಿಯ ನೇರಪ್ರಸಾರ ಹಾಕಿದೆ, ಪರದೆಯ ಮೇಲೆ ಹೊಸ ಫೋನ್ ತಿರುಗಿತು. ಹಸಿರು ಬೆನ್ನು. ದುಂಡು ಮೂಲೆ. ಕೆಳ ಅಂಚು... ನುಣ್ಣಗೆ. ಆ ತೂತು ಫೋನಿನದಾಗಿರಲಿಲ್ಲ, ಪೌಚಿನದು. ಕುತ್ತಿಗೆಗೆ ತೂಗುಹಾಕಿಕೊಳ್ಳುವ ದಾರ ಕಟ್ಟಲು ಕವರಿನವರೇ ಇಟ್ಟದ್ದೆಂದು ಆಮೇಲೆ ತಿಳಿಯಿತು. ಲೀಕ್ ಆದ ಚಿತ್ರವೂ ಫೋನಿನದಲ್ಲ, ಅವರ ಅಚ್ಚಿನದೇ.

ಆಕೆ ನನ್ನ ಮುಖ ನೋಡಿಯೇ ತಿಳಿದರು. “ಇಲ್ವಾ?” ಎಂದರು. ಪರದೆಯತ್ತ ಬಗ್ಗಿ ನೋಡಿ, “ಬಣ್ಣ ಮಾತ್ರ ಅದೇ ಇದೆ” ಎಂದರು.

ಏಳುವಾಗ ಅವರ ಕಣ್ಣು ಗೋಡೆಗೆ ನೇತುಹಾಕಿದ್ದ ನೆಕ್‌ಬ್ಯಾಂಡಿನ ಮೇಲೆ ಬಿತ್ತು. ಕುತ್ತಿಗೆಗೆ ಪಟ್ಟಿ, ಅದರ ಎರಡು ತುದಿಯಿಂದ ಕಿವಿಗೆ ವೈರು.

“ಇದಕ್ಕೆ ವೈರ್ ಇದೆಯಲ್ಲ?”

“ಅದು ಬ್ಲೂಟೂತ್ ಅಮ್ಮ, ಫೋನಿಗೆ ಸಿಕ್ಕಿಸೋದಲ್ಲ. ಒಬ್ಬರ ಕುತ್ತಿಗೆಗೆ...”

“ಫೋನಿಗೆ ಯಾಕೆ ಸಿಕ್ಕಿಸ್ಬೇಕು? ಬಗ್ಗು.”

ಕೌಂಟರಿನಾಚೆಯಿಂದ ಬಗ್ಗಿದೆ. ಒಂದು ತುದಿಯನ್ನು ತಮ್ಮ ಕಿವಿಗೆ, ಇನ್ನೊಂದನ್ನು ನನ್ನ ಕಿವಿಗೆ ಸಿಕ್ಕಿಸಿ ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಕಿವಿ ಜಗ್ಗಿತು. ಹಳೇ ಫೋನಿಗೂ ಬ್ಲೂಟೂತ್ ಇತ್ತು. ನಾವು ಕಾದ ಐದು ತಿಂಗಳೂ ಇತ್ತು.

“ಮೋಟು ಇದೆ” ಎಂದಳು ಶೋಭಾ, “ತೀರಾ ಹತ್ರ ಕೂರ್ಬೇಕಾಗುತ್ತೆ.”

“ಕೂತ್ಕೊಳ್ಳೋಣ ಬಿಡು” ಎಂದರು ಸೆಲ್ವಿಯಮ್ಮ. ಹೊಸ ಮದುಮಗಳ ಹಾಗೆ ನಕ್ಕರು.

ಆಕೆ ಅದನ್ನು ಒಯ್ದ ಮೇಲೆ ಚಿಂತೆ ನನಗೆ ಹತ್ತಿತು. ನೆಕ್‌ಬ್ಯಾಂಡಿಗೆ ಚಾರ್ಜ್ ಬೇಕು. ಆಕೆ ಮರೆತರೆ? ಹಾಡು ನಿಂತರೆ? ತಡೆಯಲಾರದೆ ಒಂದು ಮಧ್ಯಾಹ್ನ ಭದ್ರಾವತಿಯ ಬಸ್ ಹತ್ತಿದೆ. ಹೆದರಿದ್ದೇ ಆಗಿತ್ತು. ಪಟ್ಟಿಯ ಪುಟ್ಟ ದೀಪ ಆರಿತ್ತು, ಹಾಡು ಎಂದೋ ನಿಂತಿತ್ತು. ಸೆಲ್ವಿಯಮ್ಮ ಬೆಂಚಿನಲ್ಲಿ ಗಂಡನ ಭುಜದ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದರು. ಮುನಿಸ್ವಾಮಿ ಮಾತ್ರ ಎಚ್ಚರ. ಕಿವಿಯದು ಕಿವಿಯಲ್ಲೇ ಇತ್ತು. ವೈರು ಜಗ್ಗದಂತೆ ಎರಡು ಬೆರಳಿನಲ್ಲಿ ಹಿಡಿದುಕೊಂಡಿದ್ದರು. ನನ್ನನ್ನು ಕಂಡು ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟರು.

“ಶ್... ಮಲಗಿದಾಳೆ.”

ನಾಳೆ ಅವರಿಗೆ ಇದು ನೆನಪಿರುತ್ತದೆಂದು ನಾನು ನಂಬಲಿಲ್ಲ. ಬಂದ ಕಾಲಲ್ಲೇ ಸದ್ದಿಲ್ಲದೆ ಗೇಟು ದಾಟಿದೆ.

ಗಿರಾಕಿ ಏನು ಕೇಳುತ್ತಾರೆ ಎಂಬುದಕ್ಕಿಂತ ಅದು ಯಾತಕ್ಕೆ ಬೇಕು ಎಂಬುದನ್ನು ಮೊದಲು ತಿಳಿಯಬೇಕೆಂದು ಈ ಕಸುಬು ನನಗೆ ಕಲಿಸಿತು. ಆಕೆ ಅದನ್ನು ಮೊದಲ ದಿನವೇ ಬಿಡಿಸಿ ಹೇಳಿದ್ದರು. ನಾನು ಕೇಳಿಸಿಕೊಂಡದ್ದು ತೂತನ್ನು ಮಾತ್ರ. ಈಗ ಮುಂದಿನ ಮಾದರಿಗೆ ಕಾಯಬೇಕೇ ಎಂದು ಯಾರಾದರೂ ಕೇಳಿದರೆ, ಇರುವುದರಲ್ಲಿ ಏನು ಮಾಡುತ್ತೀರಿ ಎಂದು ವಿಚಾರಿಸುತ್ತೇನೆ. ಆದರೂ ಹಳೇ ಚಟ ಬಿಡುತ್ತದೆಯೇ? ಇಂದಿಗೂ ಬೆಳಗ್ಗೆ ಕಾಫಿಗೆ ಮುಂಚೆ ಲೀಕ್ ಆದ ಚಿತ್ರಗಳನ್ನು ನೋಡುತ್ತೇನೆ. ಕ್ಯಾಮೆರಾ ಎಲ್ಲಿದೆ ಎಂದಲ್ಲ. ಹಸಿರು ಬೆನ್ನಿದ್ದರೆ ನಿಲ್ಲುತ್ತೇನೆ. ಚಿತ್ರವನ್ನು ಹಿಗ್ಗಿಸಿ ಕೆಳ ಅಂಚಿಗೆ ಇಳಿಯುತ್ತೇನೆ.